ಮುಯ್ಯಾಳೂ ಪ್ರಮಾಣಪತ್ರವೂ

ಸಕಲೇಶಪುರ, ಆಲೂರು ಕಡೆಯ ಗದ್ದೆಬಯಲುಗಳಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಹೋಗುವ ಪದ್ಧತಿಯಿತ್ತು. ಇಂದು ನಾನು ನಿಮ್ಮ ಗದ್ದೆಗೆ ಇಳಿದರೆ ನಾಳೆ ನೀವು ನನ್ನ ಗದ್ದೆಗೆ ಇಳಿಯಬೇಕು. ಕೂಲಿಯಿಲ್ಲ, ಚೀಟಿಯಿಲ್ಲ, ಹಾಗೆಂದು ಲೆಕ್ಕವೂ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಯಾರ ಮನೆಯಿಂದ ಎಷ್ಟು ಆಳು ಬಂದಿತ್ತೆಂಬುದು ಹೆಂಗಸರಿಗೆ ವರ್ಷ ಕಳೆದರೂ ನೆನಪಿರುತ್ತಿತ್ತು. ಅದನ್ನು ದಾನವೆಂದು ಯಾರೂ ಕರೆಯಲಿಲ್ಲ. ಆದುದರಿಂದಲೇ ಅದರಲ್ಲಿ ಕಪಟವಿರಲಿಲ್ಲ.

ಈಗ ಅದೇ ಬೆಟ್ಟಸಾಲಿನ ಮಕ್ಕಳ ಮುಂದೆ ಬೇರೊಂದು ಲೆಕ್ಕ ಬಂದು ನಿಂತಿದೆ. ಕಾಲೇಜಿನ ಅರ್ಜಿಯಲ್ಲಿ ‘ಸಮಾಜಸೇವೆ’ ಎಂದು ನಾಲ್ಕು ಸಾಲು ಬರೆದರೆ ಅರ್ಜಿಗೆ ತೂಕ ಬರುತ್ತದೆಯಂತೆ. ನಮ್ಮ ನಾಡಿನಲ್ಲಿ ಆ ತೂಕ ಅಷ್ಟೇನೂ ಇಲ್ಲ. ಇಂಜಿನಿಯರಿಂಗ್ ಸೀಟನ್ನು ಬಹುಮಟ್ಟಿಗೆ ಸಿಇಟಿ ರ‍್ಯಾಂಕೇ ತೀರ್ಮಾನಿಸುತ್ತದೆ, ಎನ್‌ಸಿಸಿಯವರಿಗೆ ಕೆಲವು ಸೀಟುಗಳಿವೆ, ಅಷ್ಟೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆ ದುಡಿದು, ಏಳು ದಿನದ ಶಿಬಿರ ಮುಗಿಸಿದರೆ ಒಂದು ಪ್ರಮಾಣಪತ್ರ ದೊರೆಯುತ್ತದೆ. ‘ನನಗಲ್ಲ, ನಿನಗೆ’ ಎಂಬುದು ಯೋಜನೆಯ ಧ್ಯೇಯವಾಕ್ಯ. ಪತ್ರದ ಮೇಲಿನ ಹೆಸರು ಮಾತ್ರ ನನ್ನದೇ. ಕಡಲಾಚೆಗೆ ಓದಲು ಹೊರಟವರ ಪಾಡು ಬೇರೆ. ಅಮೆರಿಕದ ಹಲವು ಕಾಲೇಜುಗಳು ಒಪ್ಪುವ ‘ಕಾಮನ್ ಅಪ್ಲಿಕೇಷನ್’ ಎಂಬ ಅರ್ಜಿಯಲ್ಲಿ ಹತ್ತು ಚಟುವಟಿಕೆಗಳಿಗೆ ಸ್ಥಳವುಂಟು. ಒಂದೊಂದಕ್ಕೂ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ತುಂಬಬೇಕು.

ಇದರಲ್ಲಿ ತಪ್ಪೇನು? ಚರಂಡಿ ಚೊಕ್ಕಟವಾದರೆ ಸಾಲದೆ, ಮಾಡಿದವನ ಮನಸ್ಸನ್ನು ಕೆದಕುವುದೇಕೆ? ಈ ವಾದವನ್ನು ನಾನು ಅರ್ಧಕ್ಕಿಂತ ಹೆಚ್ಚಾಗಿಯೇ ಒಪ್ಪುತ್ತೇನೆ. ಫಲಾಪೇಕ್ಷೆಯಿಲ್ಲದ ಕರ್ಮವನ್ನು ಹದಿನೇಳರ ಹುಡುಗನಿಂದ ಬಯಸುವುದು ಅನ್ಯಾಯ. ಐವತ್ತು ದಾಟಿದ ನಮ್ಮಲ್ಲಿ ಅದೆಷ್ಟಿದೆಯೆಂಬುದು ದೇವರಿಗೇ ಗೊತ್ತು.

ನನ್ನ ಸಂಶಯ ಬೇರೆಡೆಯಲ್ಲಿದೆ. ಮುಯ್ಯಿಯಲ್ಲಿ ಇಬ್ಬರಿದ್ದರು, ಕೆಲಸ ಪಡೆದವನೇ ಅದನ್ನು ತೀರಿಸುತ್ತಿದ್ದ, ಆದುದರಿಂದ ಯಾವ ಕೆಲಸ ಬೇಕೆಂದು ಹೇಳುವವನೂ ಅವನೇ. ಪ್ರಮಾಣಪತ್ರದ ಸೇವೆಯಲ್ಲಿ ಮೂರನೆಯವನೊಬ್ಬ ಬಂದಿದ್ದಾನೆ. ಕೆಲಸ ಹಳ್ಳಿಗೆ, ಪ್ರತಿಫಲ ದೂರದ ಕಾಲೇಜಿನಿಂದ. ಆಗ ಹಳ್ಳಿಗೆ ಏನು ಬೇಕೆಂಬುದಕ್ಕಿಂತ ಆ ಮೂರನೆಯವನ ಕಣ್ಣಿಗೆ ಏನು ಚೆನ್ನಾಗಿ ಕಂಡೀತೆಂಬುದೇ ಮುಖ್ಯವಾಗುತ್ತದೆ. ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಲ್ಲಿ ಪ್ಲಾಸ್ಟಿಕ್ ಹೆಕ್ಕುವುದು ಒಳ್ಳೆಯ ಕೆಲಸ. ಚಿತ್ರವೂ ಸೊಗಸಾಗಿ ಬರುತ್ತದೆ. ಆದರೆ ತೋಟದ ಅಂಚಿನಲ್ಲಿ ಆನೆಯ ಹಿಂಡು ನಿಂತ ಮುಂಜಾನೆ ಮಕ್ಕಳನ್ನು ಬಸ್ಸಿನವರೆಗೆ ಕೂಡಿಸಿಕೊಂಡು ಹೋಗಲು ಹಿರಿಯರೊಬ್ಬರು ಬೇಕು. ಲೈನ್ ಮನೆಯ ಮಗುವಿಗೆ ದಿನಾ ಸಂಜೆ ಮಗ್ಗಿ ಹೇಳಿಕೊಡುವವರು ಬೇಕು. ಇವು ಏಳು ದಿನದಲ್ಲಿ ಮುಗಿಯುವ ಕೆಲಸಗಳಲ್ಲ, ಚಿತ್ರಕ್ಕೂ ಒದಗುವುದಿಲ್ಲ. ಜೂನಿನಲ್ಲಿ ಸಸಿ ನೆಡುವವರು ನೂರು ಮಂದಿ. ಮಾರ್ಚಿಯಲ್ಲಿ ಅದಕ್ಕೆ ನೀರು ಹೊಯ್ಯುವವರನ್ನು ಹುಡುಕಬೇಕು.

ವಿಚಿತ್ರವೆಂದರೆ ಆ ಮೂರನೆಯವನಿಗೂ ಇದು ಹೊಳೆಯದೆ ಇಲ್ಲ. 2016ರಲ್ಲಿ ಹಾರ್ವರ್ಡ್‌ನ ಶಿಕ್ಷಣ ವಿಭಾಗದಿಂದ ಹೊರಟ ವರದಿಯೊಂದು, ಚಟುವಟಿಕೆಗಳ ಪಟ್ಟಿಯ ಉದ್ದವನ್ನು ನೋಡಬೇಡಿ, ವರ್ಷಕಾಲವಾದರೂ ಬಿಡದೆ ಮಾಡಿದ ಸೇವೆಯನ್ನು ನೋಡಿ ಎಂದು ಕಾಲೇಜುಗಳಿಗೆ ಹೇಳಿತು. ಮನೆಗಾಗಿ ದುಡಿದ, ತಮ್ಮತಂಗಿಯರನ್ನು ನೋಡಿಕೊಂಡ ಮಕ್ಕಳ ಶ್ರಮವನ್ನೂ ಗಣನೆಗೆ ತನ್ನಿ ಎಂದಿತು.

ಇದನ್ನು ಓದಿದಾಗ ನನಗೆ ಕಾಫಿ ಕುಯ್ಲಿನ ತಿಂಗಳುಗಳು ನೆನಪಾದವು. ನವೆಂಬರಿನಿಂದ ಆಚೆಗೆ ತಾಯಿ ಹಣ್ಣು ಕುಯ್ಯಲು ಹೋದರೆ ಒಲೆ, ನೀರು, ಕೂಸು ಎಲ್ಲವೂ ದೊಡ್ಡ ಮಗಳ ಪಾಲು. ಪುಸ್ತಕ ತೆರೆಯುವುದು ಅದಾದ ಮೇಲೆ. 240 ಗಂಟೆ ಎಂಬುದು ಅವಳಿಗೆ ಒಂದು ಕುಯ್ಲಿಗೂ ಸಾಲದು. ಅದಕ್ಕೆ ಮೊಹರು ಒತ್ತುವವರಿಲ್ಲ. ತೋಟದ ಯಜಮಾನರ ಮಗ ಅದೇ ಲೈನಿಗೆ ಬಂದು ಒಂದು ಭಾನುವಾರ ಪುಸ್ತಕ ಹಂಚಿದರೆ ಅವನ ಅರ್ಜಿಯಲ್ಲಿ ಅದು ಸೇವೆಯಾಗುತ್ತದೆ. ಹುಡುಗನನ್ನು ದೂರುತ್ತಿಲ್ಲ, ಪುಸ್ತಕ ಒಳ್ಳೆಯದೇ.

ಮೇಲೆ ಹೇಳಿದ ಅಮೆರಿಕದ ಅರ್ಜಿಯಲ್ಲಿ ‘ಮನೆಯ ಜವಾಬ್ದಾರಿ’ ಎಂಬುದೂ ಚಟುವಟಿಕೆಯ ಒಂದು ಬಗೆಯಾಗಿ ಸೇರಿದೆ. ಈ ಸಂಗತಿ ನಮ್ಮ ಮೇಷ್ಟರುಗಳಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಆ ಹುಡುಗಿ ಎಂದಾದರೂ ಅದನ್ನು ತುಂಬಲು ಕುಳಿತರೆ, ವಾರಕ್ಕೆ ಎಷ್ಟು ಗಂಟೆ ಎಂಬ ಜಾಗದಲ್ಲಿ ಅವಳ ಕೈ ತಡೆದೀತು. ಅವಳ ಮನೆಯಲ್ಲಿ ಅದನ್ನು ಯಾರೂ ಎಣಿಸಿದ್ದಿಲ್ಲ.