ಸಾಂಕೋಲೆಯ ದಾಸ್ಯಪತ್ರ

ಆಸೆಯೇ ದುಃಖಕ್ಕೆ ಮೂಲ ಎಂಬ ಮಾತು ಕೇಳಿ ಬೆಳೆದ ನಮಗೆ ಕ್ರೈಸ್ತ ಬೋಧನೆಯ ಒಂದು ನಿಲುವು ಥಟ್ಟನೆ ಹಿಡಿಸುವುದಿಲ್ಲ: ಅದು ಆಸೆಯನ್ನು ಬೇರುಸಹಿತ ಕೀಳಲು ಹೇಳುವುದಿಲ್ಲ. ನೆರೆಯವನ ಸೊತ್ತಿಗೆ ಆಸೆಪಡಬೇಡ ಎನ್ನುವ ಅದೇ ಬೈಬಲ್ಲಿನಲ್ಲಿ ಯೇಸುಸ್ವಾಮಿ ನೀತಿಗಾಗಿ ಹಸಿದವರನ್ನು ಧನ್ಯರೆನ್ನುತ್ತಾರೆ. ಹಸಿವಿಗಿಂತ ತೀವ್ರವಾದ ಬಯಕೆ ಯಾವುದಿದೆ? ದುರಾಸೆಯ ಫಲವನ್ನು ಹೇಳುವಾಗ ಯಾಕೋಬನ ಪತ್ರಿಕೆ ಬಸಿರಿನ ಹೋಲಿಕೆ ಕೊಡುತ್ತದೆ: ಆಸೆ ಪಾಪವನ್ನು ಹೆರುತ್ತದೆ, ಬಲಿತ ಪಾಪ ಸಾವನ್ನು. ಹಾಗಾದರೆ ಶಿಕ್ಷೆ ಮೇಲಿನಿಂದ ಬಂದು ಎರಗುವುದಲ್ಲ, ಬಯಕೆಯ ಒಡಲಲ್ಲೇ ಬೆಳೆಯುವಂಥದ್ದು.

ಆದರೆ ಕೆಟ್ಟ ಬಯಕೆ ಒಳ್ಳೆಯದರ ವೇಷ ಹಾಕಿ ಬಂದರೆ? ಈ ಆಕ್ಷೇಪವನ್ನು ಗೋವೆಯಲ್ಲಿ ಯಾರೂ ತಳ್ಳಿಹಾಕಲಾರರು. 1560ರಲ್ಲಿ ಇಲ್ಲಿ ಬೇರೂರಿದ ಇನ್‌ಕ್ವಿಸಿಷನ್ ಎಂಬ ಚರ್ಚಿನ ಧರ್ಮವಿಚಾರಣಾ ನ್ಯಾಯಾಲಯ ಕೂಡ ಆತ್ಮಗಳ ಉದ್ಧಾರವನ್ನೇ ತನ್ನ ಬಯಕೆ ಎಂದು ಹೇಳಿಕೊಂಡಿತ್ತು. ಅದು ಇನ್ನೂ ನಡೆಯುತ್ತಿದ್ದ ಕಾಲದ, ಅದೇ ನೆಲದ ಇನ್ನೊಂದು ಬಯಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಪೋರ್ಚುಗೀಸ್ ಗೋವೆಯಲ್ಲಿ, 1677ರಲ್ಲಿ, ಸಾಂಕೋಲೆ ಎಂಬ ಊರಿನ ಮನೆತನದ ಯುವ ಪಾದ್ರಿ ಜೋಸೆಫ್ ವಾಜ್ ತಾನು ಮಾತೆ ಮರಿಯಳ ಗುಲಾಮನೆಂದು ಪತ್ರ ಬರೆದು ಸಹಿ ಹಾಕಿದರು. ಇನ್‌ಕ್ವಿಸಿಷನ್ನಿನ ಬಯಕೆಗೆ ಬೆಲೆ ತೆತ್ತವರು ಬೇರೆಯವರು. ವಾಜ್ ತಮ್ಮ ಬಯಕೆಗೆ ತಾವೇ ಬೆಲೆ ತೆತ್ತರು. ಬಯಕೆಯ ಕುಲವನ್ನು ಗುರುತಿಸಲು ಇದಕ್ಕಿಂತ ನೇರವಾದ ಒರೆಗಲ್ಲು ನನಗೆ ಕಾಣದು. ಈ ಒರೆಗಲ್ಲು ಮುಂದೆಯೂ ಬೇಕಾಯಿತು: 1681ರಲ್ಲಿ ಅವರು ಕೆನರಾ ಸೀಮೆಗೆ ಬಂದಾಗ ಗೋವೆಯ ಚರ್ಚಿನ ಕಡೆಯವರಿಗೂ ರೋಮ್ ನೇಮಿಸಿದ ಬಿಷಪರಿಗೂ ಅಧಿಕಾರದ ಜಗಳ ನಡೆದಿತ್ತು. ಎರಡೂ ಕಡೆ ದೇವರ ಹೆಸರೇ. ಗೊಂದಲಕ್ಕೆ ಬಿದ್ದವರು ಮಾತ್ರ ಸಾಮಾನ್ಯ ಭಕ್ತರು.

ನೀತಿವಂತರ ಬಯಕೆ ಈಡೇರುವುದೆಂದು ಬೈಬಲ್ಲಿನ ಜ್ಞಾನೋಕ್ತಿಗಳು ಹೇಳುತ್ತವಲ್ಲ, ವಾಜ್‌ರಿಗೆ ಸಿಕ್ಕಿದ್ದೇನು ಎಂದು ಕೇಳಬಹುದು. ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದ ಸಿಲೋನಿಗೆ 1687ರಲ್ಲಿ ವೇಷ ಮರೆಸಿ ಹೋದವರಿಗೆ ಅಲ್ಲಿನ ಕ್ಯಾಂಡಿ ರಾಜ್ಯದಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯ ಮೇಲೆ ಸೆರೆವಾಸ ಸಿಕ್ಕಿತು. ಲಾಭವನ್ನೇ ಫಲವೆಂದು ಎಣಿಸಿದರೆ ಜ್ಞಾನೋಕ್ತಿಯ ಮಾತು ಸುಳ್ಳಾಯಿತು. ಆದರೆ ಅವರು ಬಯಸಿದ್ದು ಸುಖವನ್ನಲ್ಲ, ಸೇವೆಯನ್ನು; ಆ ಬಯಕೆಗೆ ಸೆರೆಮನೆಯ ಬಾಗಿಲು ಅಡ್ಡವಾಗಲಿಲ್ಲ. 1697ರಲ್ಲಿ ಸಿಡುಬು ಎದ್ದು ಜನ ಕ್ಯಾಂಡಿ ಬಿಟ್ಟು ಓಡಿದಾಗ, ಸಾಂಕೋಲೆಯಲ್ಲಿ ಪತ್ರ ಬರೆದ ಕೈ ಅಲ್ಲಿ ಪರಧರ್ಮೀಯರ ಹುಣ್ಣುಗಳನ್ನೂ ತೊಳೆಯುತ್ತಿತ್ತು.