ಬಾಣ ಬಿಟ್ಟ ಮೇಲೆ

ಅಕ್ಟೋಬರಿನ ಒಂದು ರಾತ್ರಿ ಮಿಶಿಗನ್ನಿನ ನನ್ನ ಮನೆ ಮಾಲೀಕರು ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದರು. ಸಂಜೆ ಅವರು ಬಿಟ್ಟ ಬಾಣ ಜಿಂಕೆಯ ಹೊಟ್ಟೆಗೆ ಬಿದ್ದಿತ್ತು. ಹಾಗಾದಾಗ ಕೂಡಲೇ ಹಿಂದೆ ಹೋಗಬಾರದಂತೆ. ಬೆನ್ನಟ್ಟಿದರೆ ಅದು ಇನ್ನೂ ದೂರ ಓಡುತ್ತದೆ, ನೆತ್ತರಿನ ಜಾಡೂ ತಪ್ಪುತ್ತದೆ. ಆರೆಂಟು ಗಂಟೆ ಕಾಯಬೇಕು. ಅವರು ಕಾಫಿ ಕುಡಿಯುತ್ತ ಕಾಯುತ್ತಿದ್ದರು. ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ, ಬೇಟೆಯೇ ಅಪರಾಧವಾಗಿರುವ ದೇಶದಿಂದ ಹೋದ ನನಗೆ ಆಡಲು ಒಂದು ಮಾತೂ ಸಿಗಲಿಲ್ಲ.

ಗಾಯಗೊಂಡ ಜಿಂಕೆಯನ್ನು ಹುಡುಕಲು ಅಲ್ಲಿ ನಾಯಿಯನ್ನು ಒಯ್ಯಬಹುದು, ಹಗ್ಗ ಮಾತ್ರ ಬಿಚ್ಚುವಂತಿಲ್ಲ. ಡ್ರೋನ್ ಕೂಡದು. ಡ್ರೋನ್ ಬಳಸಿ ಬೇಟೆಯಾಡುವುದನ್ನು 2015ರ ಕಾನೂನು ನಿಷೇಧಿಸಿದೆ; ಹೊಡೆದುರುಳಿಸಿದ್ದನ್ನು ಹುಡುಕುವುದೂ ಬೇಟೆಯೇ ಎಂದು ಇಲಾಖೆ ಅದನ್ನು ಅರ್ಥೈಸುತ್ತದೆ. ಪಕ್ಕದ ಒಹಾಯೋದ ಕಂಪನಿಯೊಂದು 2023ರಲ್ಲಿ ಕೋರ್ಟಿಗೆ ಹೋಯಿತು. ಜಿಂಕೆ ಎಲ್ಲಿ ಬಿದ್ದಿದೆ ಎಂದು ತಿಳಿಸುವುದು ತಮ್ಮ ವಾಕ್ ಸ್ವಾತಂತ್ರ್ಯ ಎಂಬುದು ಅವರ ವಾದ. ಜಿಂಕೆಗೆ ವಕೀಲರಿರಲಿಲ್ಲ.

ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಕೊಡಬೇಕು ಎಂಬುದು ಅಲ್ಲಿನ ಬೇಟೆಯ ಧರ್ಮ. ಒಪ್ಪೋಣ. ಆದರೆ ಬಾಣ ನೆಟ್ಟ ಮೇಲೆ ಆ ಅವಕಾಶದಿಂದ ಅದಕ್ಕೇನು ಸಿಕ್ಕೀತು? ಪೊದೆಯೊಳಗೆ ಒಂದು ದೀರ್ಘ ರಾತ್ರಿ. ಜರ್ಮನಿಯ ಕಾನೂನು ಗಾಯಗೊಂಡ ಪ್ರಾಣಿಯ ನೋವನ್ನು ತಡಮಾಡದೆ ಕೊನೆಗಾಣಿಸಬೇಕು ಎನ್ನುತ್ತದೆ. ಅಂದರೆ ಹುಡುಕುವುದು ಅನುಮತಿಯ ಮಾತಲ್ಲ, ತೀರಿಸಲೇಬೇಕಾದ ಸಾಲ. ಶಾಖ ಗುರುತಿಸುವ ಕ್ಯಾಮೆರಾ ಇದ್ದರೆ ಜಿಂಕೆಯನ್ನು ಬೆದರಿಸದೆ, ಓಡಿಸದೆ, ಮೇಲಿನಿಂದಲೇ ಕಾಣಬಹುದು.

ಇದನ್ನೇ ಹೇಳಿದೆ. ಅವರು ಕಪ್ ಕೆಳಗಿಟ್ಟು, “ಸಂಜೆ ಬೆಳಕು ಸಾಲದಾಗಿತ್ತು. ಡ್ರೋನ್ ಇದೆ ಅಂತ ಗೊತ್ತಿದ್ದರೆ ನಾನು ಇಂಥ ಬಾಣಗಳನ್ನು ಇನ್ನೂ ಹೆಚ್ಚು ಬಿಡುತ್ತೇನೆ,” ಎಂದರು.

ಅದು ನನ್ನ ವಾದವನ್ನು ಅಲುಗಾಡಿಸಿತು. ನಾಯಿ ನೆತ್ತರಿನ ಹನಿಯಿಂದ ಹೊರಟು ಒಂದೇ ಪ್ರಾಣಿಯ ಬಳಿ ಹೋಗುತ್ತದೆ. ಡ್ರೋನಿಗೆ ಹೊಲದಲ್ಲಿ ಬೆಚ್ಚಗಿರುವುದೆಲ್ಲ ಕಾಣುತ್ತದೆ, ಗಾಯವಾಗದ್ದೂ. ಆದರೂ ಮುಂದೆಂದೋ ಯಾರೋ ಬಿಡಬಹುದಾದ ಬಾಣಗಳನ್ನು ತಡೆಯಲು ಈ ಜಿಂಕೆಯ ನರಳಾಟವನ್ನು ಬಳಸಿಕೊಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ದಂಡ ಬಿಟ್ಟವನಿಗಿರಲಿ: ಡ್ರೋನ್ ಕರೆಸಿದರೆ, ಜಿಂಕೆ ಸಿಗಲಿ ಬಿಡಲಿ, ಆ ವರ್ಷದ ಪರವಾನಗಿ ಅಲ್ಲಿಗೆ ಮುಗಿಯಲಿ. ಹೀಗೆಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಎಷ್ಟೋ ಜನ ಕರೆಸುವುದೇ ಇಲ್ಲ,” ಎಂದರು.

ಎರಡು ಗಂಟೆಗೆ ನಾಯಿಯವರು ಬಂದರು. ನಾನೂ ಟಾರ್ಚ್ ಹಿಡಿದು ಹಿಂದೆ ನಡೆದೆ. ನಾಲ್ಕರ ಸುಮಾರಿಗೆ ಹಳ್ಳದ ಬದಿಯಲ್ಲಿ ಜಿಂಕೆ ಸಿಕ್ಕಿತು. ಜೀವ ಹೋಗಿತ್ತು. ಕತ್ತಿನ ಮೇಲೆ ಕೈಯಿಟ್ಟೆ, ಇನ್ನೂ ಬಿಸಿಯಾಗಿತ್ತು.