ತಾಳ್ಮೆ ಯಾರ ಪಾಲಿಗೆ?

ಇಂಗ್ಲಿಷಿನಲ್ಲಿ 'ಪೇಷಂಟ್' ಎಂಬ ಒಂದೇ ಪದಕ್ಕೆ ಎರಡು ಅರ್ಥ. ನಾಮಪದವಾದರೆ ರೋಗಿ, ಗುಣವಾಚಕವಾದರೆ ತಾಳ್ಮೆಯುಳ್ಳ. ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿ ಹಿಡಿದು ಗಂಟೆಗಟ್ಟಲೆ ಕೂತವರಿಗೆ ಎರಡೂ ಅರ್ಥ ಒಟ್ಟಿಗೇ ಅನುಭವಕ್ಕೆ ಬರುತ್ತವೆ! ಎರಡಕ್ಕೂ ಮೂಲ ಒಂದೇ ಲ್ಯಾಟಿನ್ ಕ್ರಿಯಾಪದ. 'ನೋವು ಅನುಭವಿಸು, ಸಹಿಸು' ಎಂದು ಅದರ ಅರ್ಥ. ಕನ್ನಡ ಲಿಪಿಯಲ್ಲಿ ಬರೆದರೆ ಅದು 'ಪತಿ' ಎಂದಾಗುತ್ತದೆ. ನಮ್ಮ ಪತಿಗೂ ಅದಕ್ಕೂ ನಂಟಿಲ್ಲ. ಆದರೂ ತರಗತಿಯಲ್ಲಿ ಹೇಳಿದರೆ ಹೆಣ್ಣುಮಕ್ಕಳು ಮುಸಿಮುಸಿ ನಗುತ್ತಾರೆ.

ನಮ್ಮ 'ತಾಳು' ಕೂಡ ಹೀಗೆಯೇ. 'ತಾಳಿ, ಬಂದೆ' ಎಂದರೆ ಕಾಯಿರಿ ಎಂದು. 'ನೋವು ತಾಳಲಾರೆ' ಎಂದರೆ ಸಹಿಸಲಾರೆ ಎಂದು. ಅನ್ನ ಬೇಯುವ ತನಕ, ಮಗು ಅಕ್ಷರ ತಿದ್ದುವ ತನಕ ಕಾಯುವುದು ಒಳ್ಳೆಯ ಗುಣ, ನಿಜ. ಆದರೆ ಜ್ವರದಲ್ಲೂ ಒಲೆ ಮುಂದೆ ನಿಂತವಳನ್ನು 'ಎಷ್ಟು ತಾಳ್ಮೆ ಅವಳಿಗೆ!' ಎಂದು ಹೊಗಳುತ್ತೇವಲ್ಲ, ಆಗ ಮೆಚ್ಚುವುದು ಗುಣವನ್ನೋ, ನೋವನ್ನೋ? ಗಾದೆಯೇನೋ 'ತಾಳಿದವನು ಬಾಳಿಯಾನು' ಎನ್ನುತ್ತದೆ. ಅದನ್ನು ಆಚರಿಸುವ ಕೆಲಸ ಮಾತ್ರ ಹೆಂಗಸರ ಪಾಲಿಗೆ.

ಯೂರೋಪಿನಲ್ಲಿ ಗ್ರಿಸೆಲ್ಡಾ ಎಂಬ ಬಡವರ ಮಗಳ ಕಥೆಯಿದೆ. 14ನೇ ಶತಮಾನದಲ್ಲಿ ಇಟಲಿಯ ಬೊಕಾಚಿಯೋ ಬರೆದ ಇದನ್ನು ಅದೇ ಶತಮಾನದ ಕೊನೆಗೆ ಚಾಸರ್ ಇಂಗ್ಲಿಷಿಗೆ ತಂದ. ಹೆಂಡತಿಯ ತಾಳ್ಮೆ ಪರೀಕ್ಷಿಸಲೆಂದು ಗಂಡ ಇಬ್ಬರು ಮಕ್ಕಳನ್ನೂ ಕಸಿದು, ಕೊಲ್ಲಿಸಿದೆನೆಂದು ನಂಬಿಸುತ್ತಾನೆ. ಅವಳನ್ನೇ ತವರಿಗೆ ಅಟ್ಟುತ್ತಾನೆ. ಹೊಸ ಮದುವಣಗಿತ್ತಿ ಬರುತ್ತಾಳೆಂದು ಮನೆ ಸಿದ್ಧಮಾಡಲು ಮತ್ತೆ ಕರೆಸುತ್ತಾನೆ. ಅವಳು ದೂರುವುದಿಲ್ಲ. ಕಡೆಗೆ ಮಕ್ಕಳು, ಮನೆ ಎಲ್ಲ ಮರಳಿ ಸಿಗುತ್ತವೆ. ಆದರೆ ಕಥೆ ಮುಗಿದ ಮೇಲೆ ಚಾಸರ್ ನಗೆಯಾಡುತ್ತಾ, ಗೃಹಿಣಿಯರು ಗ್ರಿಸೆಲ್ಡಾಳಂತೆ ಬಾಯಿ ಮುಚ್ಚಿಕೊಂಡಿರಬಾರದು ಎನ್ನುತ್ತಾನೆ. 600 ವರ್ಷಗಳ ಹಿಂದೆಯೇ!

ಬೇಡವೆನ್ನುವ ದಾರಿಯಿದ್ದೂ ತಾಳಿಕೊಂಡರೆ ಅದು ಗುಣ. ದಾರಿಯೇ ಇಲ್ಲದೆ ತಾಳಿದರೆ ಅದು ನೋವು ಅಷ್ಟೆ. ಅಂಥವಳು ಪೇಷಂಟ್ ಪದದ ಮೊದಲ ಅರ್ಥಕ್ಕೇ ಸೇರಿದವಳು. ಹೊಗಳಿಕೆಯಿಂದ ಯಾವ ರೋಗಿ ತಾನೆ ಗುಣವಾದಾಳು?

ಅದೇ ಲ್ಯಾಟಿನ್ ಮೂಲದಿಂದ 'ಕಂಪ್ಯಾಶನ್' ಎಂಬ ಪದವೂ ಬಂದಿದೆ. ಜೊತೆಗೂಡಿ ನೋಯುವುದು ಎಂದು ಅದರ ಮೂಲಾರ್ಥ. ನಾವು ಅನುಕಂಪ ಎನ್ನುತ್ತೇವೆ. ಸೊಸೆಯೋ, ಅತ್ತೆಯೋ, ನೆರೆಮನೆಯವಳೋ, ಯಾರ ತಾಳ್ಮೆಯನ್ನಾದರೂ ಮೆಚ್ಚುವ ಮುನ್ನ 'ಏನಮ್ಮಾ, ಕಷ್ಟವಾಗುತ್ತಿದೆಯೇ?' ಎಂದು ಕೇಳೋಣ. ಹೌದೆಂದರೆ ಅವಳ ಕೈಯ ಸೌಟನ್ನು ಸ್ವಲ್ಪ ಹೊತ್ತು ನಾವು ಹಿಡಿಯೋಣ.